ಎರಡು ಸೂರ್ಯರ ಲೋಕದಲ್ಲಿ ಕಾಕಿಯ ನಗು

ಹಿತ್ತಾಳೆಯ ಚರಿಗೆಗೆ ಗಾಜಿನ ಬಳೆ ತಾಗಿದ ಸಪ್ಪಳ ಕೇಳಿದರೆ ಸಾಕು, ಗಜೇಂದ್ರಗಡದ ನಮ್ಮ ಮಗ್ಗದ ಮನೆ ನೂಲಿನ ಗಂಜಿಯ ಹುಳಿ ವಾಸನೆಯ ಸಮೇತ ಬಂದು ಎದುರಿಗೆ ನಿಲ್ಲುತ್ತದೆ. ನಿಮ್ಮಲ್ಲಿ ನನ್ನ ವಯಸ್ಸಿನವರಿದ್ದರೆ ಆ ಸಪ್ಪಳದ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಆಗ ಓಣಿಯ ಯಾವ ಮನೆಯಲ್ಲೂ ಪಾಯಖಾನೆ ಇರಲಿಲ್ಲ. ಗಂಡಸರು ಬೇಕೆಂದಾಗ ಹೋಗಿ ಬರುತ್ತಿದ್ದರು. ಹೆಂಗಸರು ಮಾತ್ರ ಹೊತ್ತು ಮುಳುಗುವುದನ್ನೇ ಕಾಯ್ದು, ನೀರಿನ ಚರಿಗೆ ಹಿಡಿದು, ಗುಂಪಾಗಿ ಕೋಟೆಗುಡ್ಡದ ಬುಡಕ್ಕೆ ಹೋಗಬೇಕಿತ್ತು. ಕಷ್ಟವೇ, ಇಲ್ಲವೆನ್ನುವುದಿಲ್ಲ. ಆದರೆ ಒಲೆ, ಮಗ್ಗ, ಮಾವನ ಕೆಮ್ಮು ಯಾವುದೂ ಇಲ್ಲದ ಅರ್ಧ ತಾಸು ಅವರಿಗೆ ಸಿಗುತ್ತಿದ್ದದ್ದು ಆ ಕತ್ತಲಲ್ಲಿಯೇ. ಮನೆಯಲ್ಲಿ ಬಾಯಿಗೆ ಬೀಗ ಹಾಕಿಕೊಂಡಿರುತ್ತಿದ್ದ ನಮ್ಮ ಕಾಕಿ ಓಣಿ ದಾಟಿದ್ದೇ ತಡ, ಅಜ್ಜನ ಕೆಮ್ಮಿನಿಂದ ಹಿಡಿದು ಎಲ್ಲರ ಅಣಕು ಮಾಡುತ್ತಿದ್ದಳು. ಅವಳ ನಗು ಏರುತ್ತ ಏರುತ್ತ ಹೋಗಿ ಕೊನೆಗೆ ಬಿಕ್ಕಳಿಕೆಯಾಗುತ್ತಿತ್ತು. ಅವಳ ಸೆರಗು ಹಿಡಿದು ನಡೆಯುತ್ತಿದ್ದ ನನಗೆ ಅರ್ಥವಾಗದಿದ್ದರೂ ನಕ್ಕು ನಕ್ಕು ಹೊಟ್ಟೆ ಹುಣ್ಣಾಗುತ್ತಿತ್ತು.

ಅವಳ ಗಂಡ, ಅಪ್ಪನ ತಮ್ಮನಾದ ನನ್ನ ಕಾಕಾ, ರೋಣದ ಸಾಲೆಯಲ್ಲಿ ಮಾಸ್ತರ. ಶನಿವಾರದ ಬಸ್ಸಿಗೆ ಊರಿಗೆ ಬರುತ್ತಿದ್ದ. ಮೂರು ವರ್ಷ ಕೂತು ಅವನೊಂದು ಕಾದಂಬರಿ ಬರೆದಿದ್ದ. ಅದರಲ್ಲಿ ಎರಡು ಸೂರ್ಯರಿರುವ ಲೋಕ. ಒಬ್ಬ ಮುಳುಗುವಷ್ಟರಲ್ಲಿ ಇನ್ನೊಬ್ಬ ಹುಟ್ಟುವುದರಿಂದ ಅಲ್ಲಿಯ ಜನಕ್ಕೆ ಕತ್ತಲೆಂದರೇನೆಂದೇ ಗೊತ್ತಿಲ್ಲ. ಒಂದು ದಿನ ಇಬ್ಬರೂ ಒಟ್ಟಿಗೆ ಮುಳುಗಿ, ಜನ ಅಂಜಿ ಎದೆಯೊಡೆದು ಸಾಯುತ್ತಾರೆ. ಧಾರವಾಡದ ಪ್ರಕಾಶಕರಿಗೆ ಕಳಿಸುವ ಮೊದಲು ಮನೆಯವರಿಗೆ ಓದಿ ತೋರಿಸಬೇಕೆಂದು, ಮಗ್ಗಕ್ಕೆ ಬಿಡುವಿದ್ದ ಒಂದು ಅಮಾವಾಸ್ಯೆ ಮಧ್ಯಾಹ್ನ ಎಲ್ಲರನ್ನೂ ಪಡಸಾಲೆಯಲ್ಲಿ ಕೂಡಿಸಿದ. ಹೆಂಗಸರು ಬಾಗಿಲ ಮರೆಯಲ್ಲಿ ಕೂತರು. ಓದು ಮುಗಿದಾಗ ಕಾಕಿ, ನಮ್ಮ ಅಪ್ಪನ ತಾಯಿ ಆಯಿಯ ಕಿವಿಯಲ್ಲಿ ಏನೋ ಅಂದಳು. ಆಯಿಗೆ ಯಾರ ಮುಲಾಜೂ ಇರಲಿಲ್ಲ.

“ನಿನ್ನ ಹೇಣ್ತಿ ಕೇಳಾಕತ್ತಾಳಪಾ. ಆ ಊರಾಗ ಕತ್ತಲೇ ಆಗಂಗಿಲ್ಲಂದ್ರ ಹೆಣ್ಣಮಕ್ಕಳು ಚರಿಗಿ ತಗೊಂಡು ಯಾವಾಗ ಹೋಗತಾರಂತ?”

ಅಜ್ಜ ಕೆಮ್ಮುತ್ತ ಎದ್ದು ಹೊರಗೆ ಹೋದ. ಕಾಕಾನ ಮುಖ ಸುಟ್ಟ ಬದನೆಕಾಯಿಯಾಯಿತು. ನೋಟಬುಕ್ಕನ್ನು ಟ್ರಂಕಿಗೆ ಹಾಕಿ ರೋಣಕ್ಕೆ ಹೊರಟುಹೋದ. “ನಾ ಯಾಕರ ಬಾಯಿ ತಗದ್ನೋ” ಎಂದು ಕಾಕಿ ಹಳಹಳಿಸಿದಳು. ಅಂದಿನಿಂದ ಗುಡ್ಡದ ಬುಡದಲ್ಲೂ ಅವಳು ನಗಲಿಲ್ಲ. ನನಗೆ ಕಾಕಾನ ಮೇಲೆ ಕೆಟ್ಟ ಸಿಟ್ಟು. ಮುಂದಿನ ಶನಿವಾರ ಬಂದವನು ನನ್ನನ್ನು ಮೆಲ್ಲಗೆ ಕರೆದು, “ಅಲ್ಲಿ ಗುಡ್ಡದ ಬುಡಕ ನೀವು ಅಷ್ಟೊತ್ತು ಏನ್ ಮಾಡ್ತೀರಿ?” ಎಂದು ಕೇಳಿದ.

“ಕಾಕಿ ನಗಸ್ತಿದ್ಲು. ಈಗ ಬಿಟ್ಟಾಳ. ನಿನ್ನ ಸಲುವಾಗಿ.”

“ಆಕಿಗೆ ನಗಾಕ ಬರತೈತಿ?”

ಮದುವೆಯಾಗಿ ಎರಡು ವರ್ಷವಾಗಿತ್ತು, ಅವನು ಅಣಕಕ್ಕಲ್ಲ, ಖರೇನೇ ಕೇಳಿದ್ದ.

ಮರು ಅಮಾವಾಸ್ಯೆಗೆ ಮತ್ತೆ ಎಲ್ಲರನ್ನೂ ಕೂಡಿಸಿ ಹೊಸ ಕೊನೆ ಓದಿದ. ಇಬ್ಬರು ಸೂರ್ಯರೂ ಮುಳುಗುತ್ತಾರೆ. ಗಂಡಸರು ಮಗ್ಗದ ಕೆಳಗಿನ ಕುಣಿಯಲ್ಲಿಳಿದು ನಡುಗುತ್ತ ಕೂಡುತ್ತಾರೆ. ಆಗ ಒಂದೊಂದೇ ಬಾಗಿಲು ತೆರೆದು, ಚರಿಗೆಗೆ ಬಳೆ ತಾಗಿಸುತ್ತ ಹೆಂಗಸರು ಗುಡ್ಡದ ಕಡೆ ನಡೆಯುತ್ತಾರೆ. ಅವರ ನಗು ಕೇಳಿಯೇ ಗಂಡಸರಿಗೆ ಧೈರ್ಯ ಬರುತ್ತದೆ. ಕಾಕಾ ಓದು ನಿಲ್ಲಿಸಿ ಬಾಗಿಲ ಕಡೆ ನೋಡಿದ. ಆಯಿ ಗಲ್ಲಕ್ಕೆ ಕೈ ಹಚ್ಚಿ, “ಅಯ್ಯ, ಪಾಪ, ಅಲ್ಲೀತನಾ ತಡಕೊಂಡಿದ್ರೇನೋ?” ಅಂದಳು.

ಬಾಗಿಲ ಮರೆಯಿಂದ ಆ ನಗು ಎದ್ದಿತು. ಹಾಡುಹಗಲು, ಅಜ್ಜ ಎದುರಿಗೆ ಕೂತಿರುವಾಗಲೇ, ಏರುತ್ತ ಏರುತ್ತ ಬಿಕ್ಕಳಿಕೆಯವರೆಗೆ ಹೋಯಿತು. ಅಜ್ಜನೂ ನಕ್ಕ. ಕಾಕಾ ಮಾತ್ರ ನೋಟಬುಕ್ಕು ಹಿಡಿದು ಬಾಯಿ ಬಿಟ್ಟು ಕೇಳುತ್ತ ನಿಂತಿದ್ದ.

ಕಾದಂಬರಿ ಧಾರವಾಡದಿಂದ ವಾಪಸು ಬಂತು. ಕಾಕಾ ಅದಕ್ಕೇನೂ ಮರುಗಲಿಲ್ಲ. ಈಗ ಆ ನೋಟಬುಕ್ಕಿಲ್ಲ, ಮಗ್ಗವಿಲ್ಲ, ಆಯಿಯಿಲ್ಲ. ಕಾಕಾ ಕಾಕಿ ಒಂದೇ ವರ್ಷದಲ್ಲಿ ಒಬ್ಬರ ಹಿಂದೆ ಒಬ್ಬರು ಹೋದರು. ಮನೆಮನೆಗೂ ಪಾಯಖಾನೆ ಬಂದಿದೆ, ಬರಲೇಬೇಕಿತ್ತು, ಆ ಕಷ್ಟ ಯಾವ ಹೆಣ್ಣಿಗೂ ಬೇಡ. ಆದರೂ ಎಲ್ಲೋ ಹಿತ್ತಾಳೆಗೆ ಬಳೆ ತಾಗಿದ ಸಪ್ಪಳವಾದರೆ, ಈ ವಯಸ್ಸಿನಲ್ಲೂ ನನ್ನ ಕೈ ತಾನಾಗಿ ಒಂದು ಸೆರಗಿನ ತುದಿ ಹುಡುಕುತ್ತದೆ.