ಸ್ಪ್ಯಾಮ್‌ಗೆ ಹೋದ ಸೋಬಾನೆ ಪದ

ಅಂದು ಮಧ್ಯಾಹ್ನ ಕೊಟ್ಟೂರಿನ ಕಾಲೇಜು ಕಚೇರಿಯಲ್ಲಿ ಮಂಡಕ್ಕಿ ತಿನ್ನುತ್ತಾ ಕೂತಿದ್ದಾಗ ಹಡಗಲಿಯಿಂದ ಅಕ್ಕ ಫೋನು ಮಾಡಿದಳು.

"ಅವ್ವನ ಸೋಬಾನಿ ಪದ ಎಲ್ಲಾ ಹಾಡಿ ಇಮೇಲ್‌ಗೆ ಹಾಕೀನಿ. ನನ್ನ ಮಗಳ ಮದ್ವಿಗೆ ನೀನೂ ಕಲ್ತಿರಬೇಕು. ಬಂದಾವೇನು?"

"ಇಲ್ಲಕ್ಕ."

"ನಿಮ್ಮ ಆಫೀಸಿನ ಕಂಪ್ಯೂಟರಿಗೆ ನನ್ನ ದನಿ ಸೇರವಲ್ದೇನ?" ಎಂದು ನಕ್ಕಳು.

ಅವ್ವ ಹೋದ ಮೇಲೆ ಆ ಪದಗಳು ಪೂರ್ತಿ ಬರುತ್ತಿದ್ದುದು ಅಕ್ಕನಿಗೊಬ್ಬಳಿಗೇ. ನನಗೆ ಒಂದೊಂದರ ಮೊದಲ ಸಾಲಷ್ಟೇ ಗೊತ್ತು. ನನ್ನ ಫೋನಿನಲ್ಲಿ ಜಾಗವಿರಲಿಲ್ಲವೆಂದು ಕಚೇರಿಯ ಇಮೇಲ್ ಕೊಟ್ಟಿದ್ದೆ. ಅಕ್ಕ ಪಾಸ್‌ವರ್ಡ್ ಮರೆತಾಗಲೆಲ್ಲ ಮೊಬೈಲ್ ಅಂಗಡಿಯವನು ಹೊಸ ಇಮೇಲ್ ತೆಗೆದುಕೊಡುತ್ತಿದ್ದ. ನಮ್ಮ ಕಡೆ ಬಹಳ ಜನರದು ಹೀಗೇ. ನಿನ್ನೆ ಹುಟ್ಟಿದ ವಿಳಾಸ, ಒಂದಕ್ಷರ ಬರೆಯದ ಮೇಲ್, ಜೊತೆಗೆ ದೊಡ್ಡ ದೊಡ್ಡ ಫೈಲು. ನಮ್ಮ ಸರ್ವರ್ ಅದನ್ನು ಸ್ಪ್ಯಾಮ್ ಎಂದು ತಡೆದಿತ್ತು.

ಸರ್ವರ್ ನೋಡಿಕೊಳ್ಳುವವನ ಬಳಿ ಹೋಗಿ, ನನ್ನ ಖಾತೆಗಷ್ಟೇ ಫಿಲ್ಟರ್ ಸಡಿಲ ಮಾಡು, ತಡೆದದ್ದನ್ನು ಬಿಡು ಎಂದು ಕೇಳಿದೆ.

"ಎಲ್ಲಾರಿಗೂ ಒಂದ ನಿಯಮ ಮೇಡಂ. ಒಬ್ಬೊಬ್ಬರಿಗೆ ಬ್ಯಾರೆ ಮಾಡ್ಕೊಂತ ಕುಂತ್ರ ನಾ ಮನಿಗೆ ಹೋಗೋದು ಯಾವಾಗ್ರಿ? ಹಾಡಲ್ಲೇನ್ರಿ, ನಾಳಿ ಮತ್ತ ಕಳ್ಸಾಕ ಹೇಳ್ರಿ."

ಮರುದಿನ ಹರಪನಹಳ್ಳಿ ರಸ್ತೆಯಲ್ಲಿ ಲಾರಿ ಗುದ್ದಿ ಅಕ್ಕ ಅಲ್ಲೇ ತೀರಿಕೊಂಡಳು. ಫೋನು ಚಕ್ರದಡಿ ಪುಡಿಯಾಗಿತ್ತು. ಪಾಸ್‌ವರ್ಡ್ ಅಂಗಡಿಯವನಿಗೂ ನೆನಪಿರಲಿಲ್ಲ.

ಅಕ್ಕನ ಕಾರ್ಯ ಮುಗಿಸಿ ಕೆಲಸಕ್ಕೆ ಬಂದು ಸರ್ವರ್ ನೋಡಿಕೊಳ್ಳುವವನನ್ನು ಕೇಳಿದರೆ, ತಡೆದ ಮೇಲ್‌ಗಳು ಅವಧಿ ಮುಗಿದ ಮೇಲೆ ತಾವಾಗಿಯೇ ಅಳಿಸಿಹೋಗುತ್ತವಂತೆ. ಹೋಗಿದ್ದವು.

"ಹಿಂಗಾಗ್ತತಿ ಅಂತ ನನಗೇನು ಗೊತ್ರಿ" ಎಂದ. ಗೊತ್ತಿರಬೇಕಾಗಿರಲಿಲ್ಲ. ಕೇಳಿದ್ದನ್ನು ಮಾಡಿದ್ದರೆ ಸಾಕಿತ್ತು.

ಆಗಲೇ ಅವನ ಪರದೆಯ ಮೇಲೆ ಕಂಡದ್ದು: ಪ್ರಿನ್ಸಿಪಾಲರ ಖಾತೆಗೊಂದು ಬೇರೆಯೇ ನಿಯಮವಿತ್ತು. ಸೀರೆ ಅಂಗಡಿಯ ಜಾಹೀರಾತುಗಳು ತಪ್ಪಿಹೋಗುತ್ತಿವೆ ಎಂದು ಅವರ ಮನೆಯವರು ಹೇಳಿದ್ದರಂತೆ.

"ಎಲ್ಲಾರಿಗೂ ಒಂದ ಅಂದಿದ್ಯಲ್ಲಪ್ಪ?"

"ಅವ್ರು ಸಾಹೇಬ್ರಲ್ರಿ, ಮೇಡಂ."

ಸೀರೆಯ ಜಾಹೀರಾತಿಗೆ ದಾರಿ ಬಿಟ್ಟವನು ನನ್ನ ಅಕ್ಕನ ದನಿಯನ್ನು ಕಸವೆಂದು ಎಸೆದಿದ್ದ. ನನ್ನ ಮುಖ ನೋಡಿ ಹೆದರಿದನೇನೋ, ಎದುರಿಗೇ ನನ್ನ ಹೆಸರು ಒತ್ತಿ ಎರಡು ಗುರುತು ಬದಲಿಸಿದ. ಅಷ್ಟೇ ಕೆಲಸ. ಮೇಜಿನ ಮೇಲಿದ್ದ ಅವನ ಚಹಾ ಇನ್ನೂ ಬಿಸಿಯಾಗಿತ್ತು.

ಈಗ ನನಗೆ ಲಾಟರಿ, ಸಾಲ, ಕೂದಲ ಎಣ್ಣೆ, ಎಲ್ಲವೂ ತಪ್ಪದೆ ಬರುತ್ತವೆ. ಮೊನ್ನೆ ಅಕ್ಕನ ಮಗಳಿಗೆ ಅರಿಶಿನ ಹಚ್ಚುವಾಗ ಹೆಂಗಸರೆಲ್ಲ ನನ್ನ ಕಡೆ ನೋಡಿದರು. ಮೊದಲ ಸಾಲು ಹಾಡಿದೆ. ಎರಡನೆಯ ಸಾಲು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.