ನನ್ನ ಕೈಯ ತುಕ್ಕು

ಸಾವಿರದ ಒಂಬೈನೂರ ಎಂಬತ್ತರ ಸುಮಾರಿಗೆ ಬೆಂಗಳೂರಿನ ಪೀಣ್ಯದ ಒಂದು ಸಣ್ಣ ಶೆಡ್ಡಿನಲ್ಲಿ ನನಗೆ ಕೆಲಸ ಸಿಕ್ಕಿತು. ಕಟ್ಟಡಗಳ ಚಾವಣಿಗೆ ಹಾಕುವ ಕಬ್ಬಿಣದ ತೊಲೆಗಳನ್ನು ಒಂದಕ್ಕೊಂದು ಸೇರಿಸುವ ಪ್ಲೇಟುಗಳು ಅಲ್ಲಿ ತಯಾರಾಗುತ್ತಿದ್ದವು. ಅವನ್ನು ಎಮರಿ ಕಾಗದದಲ್ಲಿ ಥಳಥಳ ಉಜ್ಜಿಡುವುದು ಹೆಂಗಸರ ಪಾಲಿನ ಕೆಲಸ. ತುಕ್ಕು ಹಿಡಿಯದಂತೆ ರೆಡ್ ಆಕ್ಸೈಡ್ ಬಣ್ಣ ಬಳಿಯುವವನು ಮರುದಿನ ಬರುತ್ತಿದ್ದ.

ನಾನು ಮುಟ್ಟಿದ ಪ್ಲೇಟುಗಳ ಮೇಲೆ ಮಾತ್ರ ಬೆಳಗಾಗುವಷ್ಟರಲ್ಲಿ ನನ್ನ ಬೆರಳಚ್ಚುಗಳು ಕಂದು ತುಕ್ಕಾಗಿ ಮೂಡಿರುತ್ತಿದ್ದವು. ಪಕ್ಕದಲ್ಲಿ ಉಜ್ಜುತ್ತಿದ್ದವಳು ನಮ್ಮ ಬೀದಿಯವಳೇ. "ನಿನ್ ಕೈಗುಣಾನೇ ಸರಿಯಿಲ್ಲ ಕಣೇ" ಎಂದಳು. ಸಾಲದು ಅಂತ ಬೀದಿಗೆಲ್ಲ ಟಾಂಟಾಂ ಹೊಡೆದಳು.

ಮಾಲೀಕರು ಪ್ಲೇಟು ತಿರುಗಿಸಿ ನೋಡಿ, "ಕೆಲವರ ಬೆವರಲ್ಲಿ ಉಪ್ಪು ಜಾಸ್ತಿ ಕಣಮ್ಮ. ಇದರ ಮೇಲೇ ಬಣ್ಣ ಬಳಿದ್ರೆ ಒಳಗೊಳಗೇ ತಿಂದ್ಬಿಡುತ್ತೆ" ಎಂದು ಬಟ್ಟೆಯ ಗ್ಲೌಸು ಕೊಡಿಸಿದರು. ಕೆಲಸವೇನೋ ಉಳಿಯಿತು. ಆದರೆ ಮಡಕೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾದೀತೇ?

ಆಗ ನಾದಿನಿ ಚೊಚ್ಚಲ ಹೆರಿಗೆಗೆ ನಮ್ಮ ಮನೆಗೆ ಬಂದಿದ್ದಳು. ಹೆಣ್ಣುಮಗು ಹುಟ್ಟಿತು. ಮದುವೆಯಾಗಿ ವರ್ಷಗಳಾದರೂ ನನಗೆ ಮಕ್ಕಳಿರಲಿಲ್ಲ. ಆ ಮಗುವನ್ನು ಒಂದು ಸಲ ಎತ್ತಿಕೊಂಡರೆ ಸಾಕು ಅನ್ನಿಸುತ್ತಿತ್ತು. ಬೀದಿಯ ಮಾತು ನಾದಿನಿಯ ಕಿವಿಗೂ ಬಿದ್ದಿರಬೇಕು. ನಾನು ಹತ್ತಿರ ಹೋದರೆ ಮಗುವಿನ ಮೇಲೆ ಸೆರಗು ಎಳೆಯುತ್ತಿದ್ದಳು. ನಾನೂ ಏನು ಕಡಿಮೆ ಬಿಂಕದವಳಲ್ಲ, ಕೊಡು ಅಂತ ಕೇಳಲಿಲ್ಲ. ನೀರೊಲೆಯ ಮುಂದೆ ಕೂತು ಕಣ್ಣೊರೆಸಿಕೊಂಡು, ಹೊಗೆ ಎನ್ನುತ್ತಿದ್ದೆ.

ಒಂದು ಬೆಳಿಗ್ಗೆ ಅತ್ತೆ ಬಚ್ಚಲಲ್ಲಿ ಕಾಲು ಚಾಚಿ ಕೂತು ಮಗುವಿಗೆ ಎಣ್ಣೆ ತಿಕ್ಕುತ್ತಿದ್ದರು. ಬಿಸಿನೀರು ಇಟ್ಟು ಹೊರಟ ನನ್ನ ಕೈಯನ್ನು ಗಪ್ಪನೆ ಹಿಡಿದರು. ಅಂಗೈ ಬೆವರಿತ್ತು. ಬಿಡಿಸಿಕೊಳ್ಳಹೋದೆ, ಬಿಡಲಿಲ್ಲ.

"ಕೂತ್ಕೊ. ಕಾಲ್ ನೀಡು" ಎಂದು ಮಗುವನ್ನು ನನ್ನ ಕಾಲ ಮೇಲೆ ಬೋರಲು ಹಾಕಿದರು.

ಕೋಣೆಯಿಂದ ನಾದಿನಿ "ಅಮ್ಮಾ" ಎಂದು ಗಾಬರಿಯಿಂದ ಕೂಗಿದಳು.

"ಸುಮ್ಕಿರು. ನನ್ ಕೈ ನಡುಗ್ತದೆ, ಎಲ್ಲಾದ್ರೂ ಜಾರಿಸ್ಬಿಟ್ಟೇನು. ಇವ್ಳು ದಿನಾ ಕಬ್ಬಿಣ ಇಡ್ದು ಗಟ್ಟಿಯಾಗಿರೋ ಕೈಯೋಳು. ಇವತ್ತಿಂದ ಇವ್ಳೇ ನೀರಾಕ್ತಾಳೆ."

ಆ ಪುಟ್ಟ ಬೆನ್ನನ್ನು ನಾನು ಹೆದರಿ ಹೆದರಿ ತಿಕ್ಕಿದೆ. ನಾದಿನಿ ಗೋಡೆ ಹಿಡಿದುಕೊಂಡು ಬಂದು ಬಚ್ಚಲ ಬಾಗಿಲಲ್ಲಿ ನಿಂತಳು. ಬಹಳ ಹೊತ್ತು ನನ್ನ ಕೈಯನ್ನೇ ನೋಡಿದಳು.

"ಅತ್ತಿಗೆ," ಎಂದಳು ಕೊನೆಗೆ, "ಕುತ್ತಿಗೆ ಸಂದಿಗೂ ಒಸಿ ಎಣ್ಣೆ ಹಚ್ಚಿ. ಅಲ್ಲಿ ಕೆಂಪಾಗೈತೆ."