ಕುಶಲಾಳನ್ನು ಹತ್ತಿಸಬೇಡಿ

ಕಾಪುವಿನ ಸುಂದರ ಇಪ್ಪತ್ತೇಳು ವರ್ಷ ಬಸ್ ಕಂಡಕ್ಟರಾಗಿದ್ದ. ಕಾಪುವಿನಿಂದ ಹೊರಟು ಉಡುಪಿ, ಮಣಿಪಾಲ, ಹಿರಿಯಡ್ಕ ದಾಟಿ ಕಾರ್ಕಳ ಮುಟ್ಟುವ ಖಾಸಗಿ ಬಸ್ಸು. ದಿನಕ್ಕೆ ಮೂರು ಸಲ ಹೋಗಿ ಬರಬೇಕು. ಅರ್ಜೆಂಟಿನಲ್ಲಿ ಕೂಗುತ್ತಿರಲಿಲ್ಲ, ಮುದುಕಿಯರನ್ನು ರಟ್ಟೆ ಹಿಡಿದು ಎಳೆಯುತ್ತಿರಲಿಲ್ಲ. ನಮ್ಮ ಬಸ್ ನೌಕರರ ಮೊದಲ ಮುಷ್ಕರದಲ್ಲಿ ಮಾಲಕರ ಕಡೆಯವರು ಸೈಕಲ್ ಚೈನು ಬೀಸಿಕೊಂಡು ಬಂದಾಗ ಉಡುಪಿಯ ಬಸ್ ನಿಲ್ದಾಣದಲ್ಲಿ ಓಡದೆ ನಿಂತ ಹನ್ನೊಂದು ಜನರಲ್ಲಿ ಅವನೂ ಒಬ್ಬ. ಅಂಥವನು ಮಗಳ ಮುಂದೆ ಸೋತ. ಆ ಸೋಲಿನಲ್ಲಿ ನಮ್ಮ ನೌಕರರ ಸಂಘದ ಕೈಯೂ ಇದ್ದುದರಿಂದ ಇದನ್ನು ಬರೆದಿಡಬೇಕಾಗಿದೆ.

ಮಗಳ ಹೆಸರು ಕುಶಲಾ. ಎಪ್ಪತ್ತೆಂಟರಲ್ಲಿ, ಚೌತಿ ಕಳೆದ ಮೇಲೆ, ಮೊದಲ ಸಲ ಮನೆ ಬಿಟ್ಟಳು. ಆಗ ಅವಳಿಗೆ ಹದಿನಾಲ್ಕು. ಪುಸ್ತಕದ ಚೀಲ ಹಿಡಿದು ಶಾಲೆಗೆಂದು ಹೊರಟವಳು ಬಸ್ಸು ಹತ್ತಿ ಕಾರ್ಕಳಕ್ಕೆ ಹೋಗಿ ಆನೆಕೆರೆಯ ದಂಡೆಯ ಮೇಲೆ ಸಂಜೆವರೆಗೆ ಕೂತಿದ್ದಳು. ಆಮೇಲೆ ಮಲ್ಪೆ, ಹೆಬ್ರಿ, ಇನ್ನೊಂದು ಸಲ ಮೂಡುಬಿದಿರೆ. ಒಂದೂಕಾಲು ವರ್ಷದಲ್ಲಿ ಒಂಬತ್ತು ಸಲ. ಒಮ್ಮೆ ಮೂರು ದಿನ ಮಣಿಪಾಲದಲ್ಲಿ ಕಟ್ಟಡ ಕೆಲಸದವರ ಜೋಪಡಿಯಲ್ಲಿದ್ದು ಅವರ ಮಕ್ಕಳನ್ನು ನೋಡಿಕೊಂಡಿದ್ದಳು.

ಯಾಕೆ ಎಂದು ಕೇಳಿದವರಿಗೆಲ್ಲ ಉತ್ತರ ಕೊಟ್ಟಿದ್ದಾಳೆ. ಅಮ್ಮ ಹೊಡೆಯುತ್ತಾರೆ ಎಂದು ಟೀಚರಿಗೆ. ಪಾಠ ತಲೆಗೆ ಹೋಗುವುದಿಲ್ಲ ಎಂದು ಅಮ್ಮನಿಗೆ. ಮನೆಯೊಳಗೆ ಕೂತರೆ ಮಾಡಿನ ಹಂಚೆಲ್ಲ ಮೈಮೇಲೆ ಇಳಿದ ಹಾಗೆ ಆಗುತ್ತದೆ ಎಂದು ಅವಳನ್ನು ಹೆಬ್ರಿಯಿಂದ ಕರೆತಂದ ಕಂಡಕ್ಟರ್ ಸರ್ವೋತ್ತಮನಿಗೆ. ಒಂದೂ ಸುಳ್ಳಲ್ಲ. ಎಲ್ಲವನ್ನೂ ಕೂಡಿಸಿದರೂ ಕಾರಣ ಪೂರ್ತಿಯಾಗುವುದಿಲ್ಲ.

ಹೊಡೆಯುತ್ತಿದ್ದದ್ದು ನಿಜ. ಸುಂದರನ ಹೆಂಡತಿ ಗುಣವತಿ ಬೀಡಿ ಕಟ್ಟುವವಳು. ಬೆಳಿಗ್ಗೆಯಿಂದ ಎಲೆ, ಹೊಗೆಸೊಪ್ಪಿನ ಗೆರಸೆಯ ಮುಂದೆ ಕೂತವಳಿಗೆ ಸಂಜೆ ಹುಡುಗಿ ಬಾರದಿದ್ದರೆ ಮೊದಲು ಹೆದರಿಕೆ, ಹುಡುಗಿ ಬಂದ ಮೇಲೆ ಸಿಟ್ಟು. ಕೈಗೆ ಸಿಕ್ಕಿದ್ದರಲ್ಲಿ ಬಾರಿಸುತ್ತಿದ್ದಳು. ಸುಂದರನೂ ಒಮ್ಮೆ ಬೆಲ್ಟು ತೆಗೆದದ್ದುಂಟು. ನೆಂಟರು ದೈವದ ಉಪದ್ರ ಎಂದರು. ಪಾತ್ರಿಯ ಮೈಮೇಲೆ ದೈವ ಬಂದ ದರ್ಶನದಲ್ಲಿ ಕೇಳಿಸಿ, ನೂಲು ಕಟ್ಟಿಸಿಯೂ ಆಯಿತು. ಮರುದಿನ ಹುಡುಗಿ ಆ ನೂಲು ಸಮೇತ ಮಲ್ಪೆಗೆ ಹೋದಳು.

ಹೋಗುವುದು ಅವಳಿಗೆ ಸುಲಭವಾಗಿತ್ತು. ಒಬ್ಬ ಕಂಡಕ್ಟರನ ಮನೆಯವರಿಗೆ ಇನ್ನೊಬ್ಬ ಕಂಡಕ್ಟರ್ ಟಿಕೆಟು ಹರಿಯುವುದು ನಮ್ಮಲ್ಲಿ ಮರ್ಯಾದೆಯಲ್ಲ. ಸುಂದರಣ್ಣನ ಮಗಳು ಎಂದರೆ ಮುಂದಿನ ಸೀಟು, ಮೇಲಿಂದ ಡ್ರೈವರನ ಪಾಲಿನ ಗೋಳಿಬಜೆಯಲ್ಲಿ ಎರಡು. ಹಿಡಿದು ತರುವುದೂ ಅಷ್ಟೇ ಸುಲಭ. ಎದುರೆದುರು ಬಂದ ಎರಡು ಬಸ್ಸುಗಳು ಕಿಟಕಿಗೆ ಕಿಟಕಿ ತಾಗುವ ಹಾಗೆ ಅರೆಗಳಿಗೆ ನಿಲ್ಲುತ್ತವೆ. ಬುತ್ತಿ, ಔಷಧ, ಸಾವಿನ ಸುದ್ದಿ, ಎಲ್ಲ ಹಾಗೆಯೇ ಕೈ ದಾಟುತ್ತಿದ್ದವು. “ನಿಮ್ಮ ಹುಡುಗಿ ಹಿರಿಯಡ್ಕದಲ್ಲಿ ಇಳಿದಿದ್ದಾಳೆ” ಎಂಬ ಮಾತು ಒಂದು ಗಂಟೆಯೊಳಗೆ ಸುಂದರನಿಗೆ ಮುಟ್ಟುತ್ತಿತ್ತು. ಸಂಜೆಯ ಟ್ರಿಪ್ಪಿನಲ್ಲಿ ಯಾರಾದರೂ ಕರೆತಂದು ಕಾಪುವಿನಲ್ಲಿ ಇಳಿಸುತ್ತಿದ್ದರು.

ಒಂಬತ್ತನೆಯ ಸಲದ ನಂತರ ಗುಣವತಿ ಪಟ್ಟು ಹಿಡಿದಳು. “ಮದುವೆ ಮಾಡಿಬಿಡಿ. ನನ್ನ ಅಣ್ಣ ಒಂದು ಸಂಬಂಧ ನೋಡಿದ್ದಾರೆ.”

“ಹದಿನೈದು ವರ್ಷಕ್ಕಾ? ಅಲ್ಲಿಂದಲೂ ಓಡಿದರೆ?”

“ಅದು ಅವನ ತಲೆನೋವು, ನಮ್ಮದಲ್ಲ.”

ಅದಕ್ಕೆ ಸುಂದರ ಒಪ್ಪಲಿಲ್ಲ. ಬದಲಿಗೆ ಸಂಘಕ್ಕೆ ಬಂದ.

ನಮ್ಮ ಸಂಘದ ಕೋಣೆ ಉಡುಪಿಯಲ್ಲಿ ಒಂದು ಮುದ್ರಣಾಲಯದ ಮಹಡಿಯಲ್ಲಿತ್ತು. ನಾನಾಗ ಕಾರ್ಯದರ್ಶಿ. ತಿಂಗಳ ಸಭೆಯಲ್ಲಿ ಓವರ್‌ಟೈಮಿನ ಚರ್ಚೆ ಮುಗಿದ ಮೇಲೆ ಸುಂದರ ಎದ್ದು ನಿಂತ. ಮುಖ ಯಾರ ಕಡೆಗೂ ಇರಲಿಲ್ಲ.

“ನನ್ನ ಮಗಳನ್ನು ಯಾರೂ ಹತ್ತಿಸಬೇಡಿ. ಟಿಕೆಟು ತೆಗೆಯುತ್ತೇನೆ ಎಂದರೂ ಬೇಡ. ಇಷ್ಟೇ ನಾನು ಕೇಳುವುದು.”

ಕಾರ್ಕಳದ ಹಳೆಯ ಡ್ರೈವರ್ ಫೌಸ್ಟಿನ್ ಮೂಲೆಯಿಂದ ಕೇಳಿದರು: “ಬಸ್ಸಿಗೆ ಹತ್ತದಿದ್ದರೆ ಅವಳು ಎಲ್ಲಿದ್ದಾಳೆ ಅಂತ ಯಾರು ಹೇಳುವುದು ಮಾರಾಯ?”

“ಹತ್ತದಿದ್ದರೆ ಮನೆಯಲ್ಲಿರುತ್ತಾಳೆ ಪೊರ್ಬುಗಳೇ,” ಎಂದೆ ನಾನು, ನಮ್ಮ ಕಡೆ ಕ್ರಿಸ್ತಿಯನ್ನರನ್ನು ಕರೆಯುವ ಹಾಗೆ. ಎಲ್ಲರೂ ನಕ್ಕರು. ಬೋನಸ್ಸಿಗೆ ಕೈ ಎತ್ತಿಸುವ ಹಾಗೆ ಇದಕ್ಕೂ ಕೈ ಎತ್ತಿಸಿದೆ. ಫೌಸ್ಟಿನ್ ಒಬ್ಬರದು ಕೆಳಗಿತ್ತು.

ಮುಷ್ಕರ ನಮಗೆ ಶಿಸ್ತು ಕಲಿಸಿತ್ತು. ಸಂಘ ಬೇಡ ಎಂದರೆ ಚಕ್ರ ತಿರುಗುವುದಿಲ್ಲ. ಮಾಲಕರ ವಿರುದ್ಧ ಹೊಸೆದ ಹಗ್ಗವನ್ನು ಒಂದು ಹುಡುಗಿಯ ಕಾಲಿಗೆ ಕಟ್ಟಿದೆವು. ಗಂಟು ಗಟ್ಟಿಯಾಗಿಯೇ ಬಿತ್ತು.

ಎಂಬತ್ತರ ಜನವರಿಯ ಒಂದು ಸೋಮವಾರ ಬೆಳಿಗ್ಗೆ ಕುಶಲಾ ಕಾಪು ಪೇಟೆಯಲ್ಲಿ ಉಡುಪಿಯ ಬಸ್ಸು ಹತ್ತಿದಳು. ಕಂಡಕ್ಟರ್ ಬೆಂಜಮಿನ್ ಸೀಟಿ ಊದಿ ನಿಲ್ಲಿಸಿದ.

“ಇಳಿ ಮಗಾ. ನಿನ್ನನ್ನು ಹತ್ತಿಸಬಾರದು ಅಂತ ಆರ್ಡರ್ ಉಂಟು.”

“ಯಾರ ಆರ್ಡರ್?”

“ನಿನ್ನ ಅಪ್ಪನದ್ದೇ.”

“ಟಿಕೆಟು ತೆಗೆಯುತ್ತೇನೆ.”

“ತೆಗೆದರೂ ಇಲ್ಲ.”

ಹಿಂದಿನಿಂದ ಯಾರೋ, “ಎಂತ, ಕಳ್ಳಿಯಾ?” ಎಂದರು. ಇನ್ನೊಬ್ಬರು ನಕ್ಕರು. ಅವಳು ಇಳಿದಳು. ಮುಂದಿನ ಬಸ್ಸಿನಲ್ಲೂ ಅದೇ, ಅದರ ಮುಂದಿನದರಲ್ಲೂ ಅದೇ. ನಾಲ್ಕನೆಯ ಬಸ್ಸು ನಿಲ್ಲಲೇ ಇಲ್ಲ. ಆಮೇಲೆ ಅವಳು ಮನೆಯ ಕಡೆಗೆ ಹೋಗಲಿಲ್ಲ. ಹೆದ್ದಾರಿಯ ಬದಿಯಲ್ಲಿ ನಡೆದು ಹೋಗಿ, ಘಟ್ಟಕ್ಕೆ ಹಂಚು ಸಾಗಿಸುವ ಒಂದು ಲಾರಿಗೆ ಕೈ ತೋರಿಸಿದಳು. ಪೇಟೆಯ ಬೀಡಾ ಅಂಗಡಿಯವನು ಅಷ್ಟನ್ನು ನೋಡಿದ್ದ. ನಂಬರು ನೋಡಿರಲಿಲ್ಲ.

ಸಂಜೆಯ ಟ್ರಿಪ್ಪಿನಲ್ಲಿ ಯಾರೂ ಅವಳನ್ನು ಇಳಿಸಲಿಲ್ಲ. ಮರುದಿನವೂ ಇಲ್ಲ. ಎದುರು ಬರುವ ಪ್ರತಿ ಬಸ್ಸಿನ ಕಿಟಕಿಗೆ ಸುಂದರ ಕುತ್ತಿಗೆ ಚಾಚುತ್ತಿದ್ದ. ಅತ್ತಲಿಂದ ತಲೆ ಅಲ್ಲಾಡುತ್ತಿತ್ತು. ಹೇಳುವುದಕ್ಕೆ ಯಾರ ಹತ್ತಿರವೂ ಏನೂ ಇರಲಿಲ್ಲ. ಮೊದಲೆಲ್ಲ ಅವಳು ಓಡಿದಾಗ ಇಡೀ ತಾಲೂಕು ಅವಳನ್ನು ನೋಡುತ್ತಿತ್ತು. ಈಗ ನಾವೇ ಎಲ್ಲರ ಕಣ್ಣು ಕಟ್ಟಿ ಕೂರಿಸಿದ್ದೆವು.

ರಜೆ ಹಾಕಿ ಅವನು ಆಗುಂಬೆ ಹತ್ತಿ ತೀರ್ಥಹಳ್ಳಿ, ಶಿವಮೊಗ್ಗದ ತನಕ ಲಾರಿ ನಿಲ್ಲುವ ಹೋಟೆಲುಗಳಲ್ಲೆಲ್ಲ ಕೇಳಿದ. ಮಂಗಳೂರಿನ ರೈಲ್ವೆ ಸ್ಟೇಷನ್ನಿನಲ್ಲಿ ಎರಡು ದಿನ ಕೂತ. ಪೊಲೀಸ್ ಕಂಪ್ಲೇಂಟ್ ಕೊಡೋಣ ಎಂದರೆ ಗುಣವತಿ ಬಿಡಲಿಲ್ಲ. ಹುಡುಗಿ ಅಜ್ಜಿ ಮನೆಯಲ್ಲಿದ್ದಾಳೆ ಎಂದು ನೆರೆಕರೆಗೆಲ್ಲ ಹೇಳಿಯಾಗಿತ್ತು.

ಹತ್ತೊಂಬತ್ತನೆಯ ದಿನ ಅವನು ಸಂಘದ ಮಹಡಿ ಹತ್ತಿ ಬಂದ. ಗಡ್ಡ ಬೆಳೆದಿತ್ತು. ಕೂರಲಿಲ್ಲ.

“ಆ ತೀರ್ಮಾನ ಹಿಂದೆ ತೆಗೆಯಿರಿ.”

“ಕಮಿಟಿ ಕರೆಯಬೇಕಲ್ವಾ ಸುಂದರ, ಆದಿತ್ಯವಾರ...”

“ನೀವು ಕಮಿಟಿ ಕರೆಯುವಷ್ಟರಲ್ಲಿ ನನಗೆ ಹೆಣ ಸಿಗುತ್ತದೆ.”

ನನ್ನ ಉತ್ತರಕ್ಕೆ ಕಾಯದೆ ಕೆಳಗಿಳಿದ. ನಿಲ್ದಾಣಕ್ಕೆ ಹೋಗಿ, ನಿಂತಿದ್ದ ಒಂದೊಂದು ಬಸ್ಸಿನ ಬಾಗಿಲಲ್ಲೂ ಹೇಳಿದ: ಕುಶಲಾ ಸಿಕ್ಕಿದರೆ ಹತ್ತಿಸಿ, ಅವಳು ಹೇಳಿದಲ್ಲಿ ಇಳಿಸಿ, ನನಗೆ ಸುದ್ದಿ ಮುಟ್ಟಿಸಿ. ಹೆಬ್ರಿ ಲೈನಿನಲ್ಲಿದ್ದ ಸರ್ವೋತ್ತಮ ಬಾಯಿ ಹರಿತದವನು. “ಹತ್ತಿಸಬೇಡಿ ಅಂದವರೂ ನೀವೇ, ಹತ್ತಿಸಿ ಅನ್ನುವವರೂ ನೀವೇ. ನಾವೆಂತ ಸುಂದರಣ್ಣ, ನಿಮ್ಮ ಬಸ್ಸಿನ ಸ್ಟೆಪ್ನಿಯಾ? ಬೇಕಾದಾಗ ಹಾಕುವುದು, ಬೇಡವಾದಾಗ ಬಿಚ್ಚುವುದು?”

“ಹೌದು. ಬೈಯಿರಿ. ಬೈದ ಮೇಲೆ ಹುಡುಕಿ.”

ಸರ್ವೋತ್ತಮ ಟಿಕೆಟಿನ ಚೀಲ ಹೆಗಲಿಗೇರಿಸಿ ಬಸ್ಸಿನಿಂದ ಇಳಿದ. “ಹೀಗೆ ಗುಟ್ಟಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ಪ್ಯಾಸೆಂಜರಿಗೆ ಗೊತ್ತಾಗಬೇಕು. ಬಸ್ಸಿನಲ್ಲಿ ಕೂಗಿ ಹೇಳುತ್ತೇನೆ, ಹೆಸರು ಸಮೇತ. ಆಗಬಹುದಾ?”

ಸುಂದರನಿಗೆ ಇದು ಮುಷ್ಕರದ ಸೈಕಲ್ ಚೈನಿನ ಏಟಿಗಿಂತ ದೊಡ್ಡದಾಗಿತ್ತು. ಮಗಳು ಓಡಿಹೋಗಿದ್ದಾಳೆ ಎಂದು ಸ್ವಂತ ಲೈನಿನ ಬಸ್ಸುಗಳಲ್ಲಿ ಕೂಗಿಸಬೇಕು. ನಾಳೆ ಅವಳನ್ನು ಹೆಣ್ಣು ಕೇಳಿ ಬರುವವರು ಯಾರು? ಅವನು ಹೇಳಿದ್ದು ಒಂದೇ ಮಾತು. “ಗಟ್ಟಿಯಾಗಿ ಕೂಗಿ.”

ಮರುದಿನದಿಂದ ಟಿಕೆಟು ಕೊಡುತ್ತಾ ಕಂಡಕ್ಟರುಗಳು ಕೂಗಿದರು: ಕಾಪುವಿನ ಸುಂದರನ ಮಗಳು ಕುಶಲಾ, ಹದಿನೈದು ವರ್ಷ, ಎತ್ತರ, ಎಡ ಹುಬ್ಬಿನ ಮೇಲೆ ಹಳೆಯ ಗಾಯ, ನೋಡಿದವರು ಹೇಳಿ. ಎರಡನೆಯ ದಿನ ಅದು ಗುಣವತಿಯ ಕಿವಿಗೂ ಬಿತ್ತು. ಬೀಡಿ ಒಪ್ಪಿಸಿ ಎಲೆ ತರುವ ಬ್ರಾಂಚಿನಿಂದ ಬಂದವಳು ಎಲೆಯ ಕಟ್ಟನ್ನು ಗಂಡನ ಕಾಲಬುಡಕ್ಕೆ ಎಸೆದಳು.

“ನನ್ನ ಮಾನವನ್ನು ಬಸ್ಸಿನಲ್ಲಿ ಹರಾಜು ಹಾಕಿದಿರಲ್ಲ!”

“ಮಾನ ನಿನ್ನ ಹತ್ತಿರ ಉಂಟು. ಮಗಳು ಇಲ್ಲ. ಯಾವುದು ಬೇಕು?”

ಅವಳು ಒಳಗೆ ಹೋದಳು. ಆ ದಿನ ಒಲೆ ಹೊತ್ತಲಿಲ್ಲ.

ಐದನೆಯ ದಿನ ಪೆರ್ಡೂರಿನಲ್ಲಿ ಅಪೊಲೋನಿಯಾ ಎಂಬ ವಿಧವೆ ಸರ್ವೋತ್ತಮನ ಬಸ್ಸಿಗೆ ಅಡ್ಡ ಬಂದು ನಿಂತಳು. ಹತ್ತಲಿಲ್ಲ. ಎರಡು ದಿನ ಹಿಂದೆ ಇದೇ ಬಸ್ಸಿನಲ್ಲಿ ಕೂತು ಇದೇ ಕೂಗು ಕೇಳಿ ಸುಮ್ಮನೆ ಇಳಿದು ಹೋಗಿದ್ದಳು.

“ಆ ಹುಡುಗಿಯ ಅಪ್ಪ ಎಂಥ ಜನ?” ಎಂದು ಕೇಳಿದಳು.

“ಒಳ್ಳೆಯವರು ಬಾಯಮ್ಮ.”

“ಒಳ್ಳೆಯವರ ಮಗಳು, ಅಪ್ಪ ಬಸ್ಸಿನಡಿಗೆ ಬಿದ್ದು ಸತ್ತ ಅಂತ ಹೇಳುತ್ತಾಳಾ?”

ಕುಶಲಾ ಹೋದದ್ದು ಶಿವಮೊಗ್ಗಕ್ಕೂ ಅಲ್ಲ, ಮಂಗಳೂರಿಗೂ ಅಲ್ಲ. ಪೆರ್ಡೂರಿನ ಏರಿನಲ್ಲಿ ಲಾರಿ ನಿಧಾನವಾದಾಗ ಹಾರಿದ್ದಳು. ಲಾರಿಯಲ್ಲಿ ಏನಾಯಿತು ಎಂದು ಅವಳು ಯಾರಿಗೂ ಬಿಡಿಸಿ ಹೇಳಲಿಲ್ಲ. ಹರಿದ ರವಿಕೆಯಲ್ಲಿ, ಮುರಿದ ಮಣಿಕಟ್ಟು ಹಿಡಿದುಕೊಂಡು ಅಪೊಲೋನಿಯಾಳ ದನದ ಹಟ್ಟಿಯ ಹತ್ತಿರ ಕೂತಿದ್ದಳು. ಊರಿನ ಎಣ್ಣೆ ವೈದ್ಯ ಕಟ್ಟು ಹಾಕಿದ್ದ. ಮೂಳೆ ಸೊಟ್ಟಗೆ ಕೂಡಿತ್ತು. ಮಾರ್ಗದಿಂದ ಒಂದು ಮೈಲು ಒಳಗೆ, ಮನೆಯಿಂದ ಒಂದೂವರೆ ಗಂಟೆಯ ದಾರಿಯಲ್ಲಿ ಮೂರು ವಾರಕ್ಕೂ ಹೆಚ್ಚು ಕಾಲ ದನ ನೋಡಿಕೊಂಡಿದ್ದಳು. ಬಸ್ಸು ಹತ್ತಲು ಬಿಟ್ಟಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು.

ಮರುದಿನ ಸುಂದರ ಹೋದ. ಜೊತೆಗೆ ನಾನೂ ಹೋದೆ. ಹೋಗದಿರಲು ನನಗೆ ಮುಖವಿರಲಿಲ್ಲ. ಅಪೊಲೋನಿಯಾ ಅಂಗಳದ ತುದಿಯಲ್ಲೇ ತಡೆದಳು.

“ಹೊಡೆಯಲು ಬಂದದ್ದಾದರೆ ಇಲ್ಲಿಂದಲೇ ಹಿಂದೆ ಹೋಗಿ. ಎಳೆದುಕೊಂಡು ಹೋಗುವುದಾದರೂ ಅಷ್ಟೇ.”

“ನೋಡಲು ಬಂದದ್ದು ಬಾಯಮ್ಮ.”

ಹುಡುಗಿ ಹುಲ್ಲಿನ ಸೂಡಿ ಇಳಿಸಿ ನಿಂತಳು. ಸುಂದರ ಆ ಸೊಟ್ಟ ಕೈ ನೋಡಿದ. ಬಹಳ ಹೊತ್ತು ನೋಡಿದ.

“ನಾನು ಬರುವುದಿಲ್ಲ,” ಎಂದಳು ಅವಳೇ ಮೊದಲು.

“ಬರಬೇಡ.”

ಅವಳು ಅದನ್ನು ನಿರೀಕ್ಷಿಸಿರಲಿಲ್ಲ. “ಇಲ್ಲಿಂದಲೂ ಹೋಗುತ್ತೇನೆ. ಎಲ್ಲಿಯೂ ಕೂರಲು ಆಗುವುದಿಲ್ಲ ನನಗೆ.”

“ಹೋಗು. ಹೋಗುವಾಗ ಬಸ್ಸಿನಲ್ಲಿ ಹೋಗು. ಯಾವ ಕಡೆಗೆ ಅಂತ ಕಂಡಕ್ಟರನ ಹತ್ತಿರ ಒಂದು ಮಾತು ಹೇಳು.”

“ಹೇಳಿ ಹೋದರೆ ಓಡಿಹೋದ ಹಾಗೆ ಆಗುವುದಿಲ್ಲ.”

“ಆಗುವುದು ಬೇಡ.”

ಅಷ್ಟೇ ಮಾತು. ತಬ್ಬಿಕೊಳ್ಳಲಿಲ್ಲ, ಅಳಲಿಲ್ಲ. ಹಿಂದೆ ಬರುವಾಗ ಗದ್ದೆಯ ಅಂಚಿನ ಹುಣಿಯ ಮೇಲೆ ಸುಂದರ ಎರಡು ಸಲ ಕೂತ. ತಪ್ಪು ನನ್ನದೂ ಹೌದು ಎಂದು ನಾನು ಹೇಳಿದೆ. “ನಿಮ್ಮದು ಕೈ ಎತ್ತಿಸಿದ್ದು. ಕೇಳಿದ್ದು ನಾನು,” ಎಂದ.

ಬರಿಗೈಯಲ್ಲಿ ಬಂದ ಗಂಡನನ್ನು ಗುಣವತಿ ನಾಲ್ಕು ತಿಂಗಳು ಕ್ಷಮಿಸಲಿಲ್ಲ, ಮಾತೂ ಬಿಟ್ಟಳು. ಊರು ಆಡಿಕೊಂಡಿತು. ಮಗಳನ್ನು ಪೊರ್ಬುಗಳ ಹಟ್ಟಿಗೆ ಕೊಟ್ಟ ಎಂದರು, ಜಾತಿ ಕೆಡಿಸಿದ ಎಂದರು. ಅವನು ಟಿಕೆಟು ಹರಿಯುತ್ತಾ ಎಲ್ಲವನ್ನೂ ಕೇಳಿಸಿಕೊಂಡ. ನೋಡಿದ್ದ ಸಂಬಂಧವೂ ಮುರಿಯಿತು. ಮದುವೆಯ ಮಾತು ಅಲ್ಲಿಗೆ ನಿಂತಿತು.

ಕುಶಲಾ ಮಳೆಗಾಲ ಹಿಡಿಯುವ ಮೊದಲು ಅಪೊಲೋನಿಯಾಳ ಮನೆಯನ್ನೂ ಬಿಟ್ಟಳು. ಆ ದಿನ ಹಿರಿಯಡ್ಕದ ತಿರುವಿನಲ್ಲಿ ಸರ್ವೋತ್ತಮನ ಬಸ್ಸು ಸುಂದರನ ಬಸ್ಸಿನ ಪಕ್ಕಕ್ಕೆ ಬಂದು ನಿಂತಿತು.

“ಸುಂದರಣ್ಣ, ಮಗಳು ಕಾರ್ಕಳಕ್ಕೆ ಹೋಗಿದ್ದಾಳೆ. ಗೇರುಬೀಜದ ಕಾರ್ಖಾನೆಯಲ್ಲಿ ಕೆಲಸ ಕೇಳುತ್ತಾಳಂತೆ. ಹುಡುಕಬೇಡಿ ಅಂತ ಹೇಳಿದಳು.”

“ಹುಡುಕಬೇಡಿ ಅಂತಲೂ ಹೇಳಿದಳಾ?”

“ಹೇಳಿದಳು. ಒಂದು ಆದಿತ್ಯವಾರ ಮನೆಗೆ ಬರುತ್ತೇನೆ ಅಂತಲೂ ಹೇಳಿದಳು. ಯಾವ ಆದಿತ್ಯವಾರ ಅಂತ ಹೇಳಲಿಲ್ಲ.”

ಹಿಂದಿನ ಬಸ್ಸು ಹಾರನ್ ಹಾಕಿತು. ಸುಂದರ ರೈಟ್ ಎಂದ.

ಆ ಸುದ್ದಿ ತಿಳಿದ ಮೇಲೆ ಗುಣವತಿ ಮಾತು ಬಿಟ್ಟವಳು ಮಾತಾಡಿದಳು. ಆದಿತ್ಯವಾರ ಬೀಡಿಯ ಗೆರಸೆ ಮುಟ್ಟುವುದಿಲ್ಲ ಎಂದಳು. ಮೂರು ಆದಿತ್ಯವಾರ ಬಂಗುಡೆ ಸಾರು ಮಾಡಿ ಬಾಗಿಲಲ್ಲಿ ಕೂತಳು. ಮೂರು ಸಲವೂ ಗಂಡ ಹೆಂಡತಿ ಇಬ್ಬರೇ ಉಂಡರು. ನಾಲ್ಕನೆಯದಕ್ಕೆ ಹುಡುಗಿ ಬಂದಳು. ಗೇರುಬೀಜದ ಎಣ್ಣೆ ತಾಗಿ ಬೆರಳುಗಳು ಕಪ್ಪಾಗಿದ್ದವು. ಸೊಟ್ಟ ಕೈಯಲ್ಲಿ ಅನ್ನ ಕಲಸುವುದನ್ನು ತಾಯಿ ನೋಡಿದಳು. ಇನ್ನೂ ಸ್ವಲ್ಪ ಸಾರು ಹಾಕಲಾ ಎಂದು ಕೇಳಿದ್ದು ಬಿಟ್ಟರೆ ಬೇರೆ ಏನೂ ಕೇಳಲಿಲ್ಲ.

ಮೂರು ಗಂಟೆಗೆ ಕುಶಲಾ ಎದ್ದಳು. ರಾತ್ರಿ ಮಲಗಿ ಹೋಗು ಎಂಬ ಮಾತು ಗುಣವತಿಯ ಬಾಯಿಯ ತನಕ ಬಂದಿತ್ತಂತೆ. ಸುಂದರ ಮೊದಲೇ ಚಪ್ಪಲಿ ಮೆಟ್ಟಿಕೊಂಡಿದ್ದ. “ನಾಲ್ಕರದ್ದು ರಶ್ ಇರುತ್ತದೆ. ಈಗಿನದ್ದಕ್ಕೆ ಹೋದರೆ ಸೀಟು ಸಿಗುತ್ತದೆ,” ಎಂದು ಮಗಳ ಜೊತೆ ಪೇಟೆಯ ಕಡೆಗೆ ನಡೆದ.